ಒಂದೇ ವಾರ ಬಳಸಿದ್ದು

'ಒಂದೇ ವಾರ ಬಳಸಿದ್ದು, ಹೊಸದರ ಹಾಗಿದೆ.' ಬಾಸ್ ಯುಕುಲೆಲೆ ಮಾರೋರ ಜಾಹೀರಾತಿನಲ್ಲಿ ಈ ಸಾಲು ಕಂಡರೆ ನನಗೆ ಮೈ ಉರಿಯುತ್ತೆ. ಒಂದು ವಾರಕ್ಕೆ ಅದರ ತಂತಿ ಹಿಗ್ಗಿ ಮುಗಿದಿರೋದೇ ಅನುಮಾನ. ಅಂದರೆ ನೀವು ಆ ವಾದ್ಯವನ್ನ ಇನ್ನೂ ಕೇಳಿಯೇ ಇಲ್ಲ ಕಣ್ರೀ!

ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ರಾಗ: ಶ್ರುತಿ ನಿಲ್ಲಲ್ಲ, ಇದು ಆಟಿಕೆ.

ಆಟಿಕೆಯಂತೆ! ಸಾಮಾನ್ಯ ಬಾಸ್ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ 34 ಇಂಚು. ಇದರಲ್ಲಿ 20-21. ಆದರೂ ಶ್ರುತಿ ಅದೇ: ಇ, ಎ, ಡಿ, ಜಿ. ಕೆಳಗಿನ ಇ ಅಂದರೆ ಸುಮಾರು 41 ಹರ್ಟ್ಜ್. ಇಷ್ಟು ಗಿಡ್ಡ ತಂತಿಯಿಂದ ಅಷ್ಟು ತಗ್ಗಿನ ಸ್ವರ ಬರಬೇಕಾದರೆ ಅದು ದಪ್ಪಗೂ ಇರಬೇಕು, ಮೆತ್ತಗೂ ಇರಬೇಕು. ಅದಕ್ಕೇ ರಬ್ಬರ್. 1980ರ ದಶಕದಲ್ಲಿ ಆಲನ್ ಆಶ್‌ವರ್ತ್-ಜೋನ್ಸ್ ಮತ್ತು ನೈಜೆಲ್ ಥಾರ್ನ್‌ಬರಿ ತಮ್ಮ 18 ಇಂಚಿನ ಆಶ್‌ಬರಿ ಬಾಸ್‌ಗೆ ಸಿಲಿಕೋನ್ ತಂತಿ ಹಾಕಿದರು. ಕಾಲಾ ಯು-ಬಾಸ್‌ನ ಹಲವು ಮಾದರಿಗಳಿಗೆ ಪಾಲಿಯುರಿಥೇನ್ ತಂತಿ ಬರುತ್ತೆ. ಇದರಲ್ಲಿ ಕಬ್ಬಿಣದಂಶ ಇಲ್ಲದ್ದರಿಂದ ಮ್ಯಾಗ್ನೆಟ್ ಪಿಕಪ್‌ಗೆ ಏನೂ ಕೇಳಿಸಲ್ಲ, ಕುದುರೆಯ ಕೆಳಗೆ ಪೀಜೋ ಕೂರಿಸ್ತಾರೆ. ಆಂಪ್‌ಗೆ ಸಿಕ್ಕಿಸಿ ಕಣ್ಣು ಮುಚ್ಚಿ ಕೇಳಿ: ಗಿಟಾರಲ್ಲ, ಆಳೆತ್ತರದ ಡಬಲ್ ಬಾಸ್ ನೆನಪಾಗುತ್ತೆ.

ನಾನೂ ಸಾಚಾ ಅಲ್ಲ. ಅಂಗಡಿಯವನು 'ಕಲಿಯೋರಿಗೆ ತುಂಬ ಸುಲಭ ಸಾರ್' ಅಂದ, ತಂತಿ ಹಿಗ್ಗುತ್ತೆ ಅನ್ನೋ ಮಾತೇ ಎತ್ತಲಿಲ್ಲ. ಬಿಗಿ ಮಾಡಿದೆ, ಹತ್ತು ನಿಮಿಷಕ್ಕೆ ಇಳೀತು. ಮತ್ತೆ ಬಿಗಿ ಮಾಡಿದೆ, ಮತ್ತೆ ಇಳೀತು. ಹಿಗ್ಗಿದ್ದೆಲ್ಲ ಬಿರಡೆಗೆ ಸುತ್ತಿಕೊಂಡು ಗಂಟಿನ ಹಾಗಾಯ್ತು. ಮೂರನೇ ದಿನ ಮಾರೋದಕ್ಕೆ ಅಂತ ಫೋಟೊನೂ ತೆಗೆದಿದ್ದೆ.

ಮಾಡಬೇಕಾದ್ದು ಇಷ್ಟೇ. ತಂತಿಯನ್ನ ಕೈಯಲ್ಲಿ ಮೆಲ್ಲಗೆ ಎಳೆದು ಬಿಡಿ, ಶ್ರುತಿ ಮಾಡಿ, ಮತ್ತೆ ಎಳೀರಿ. ದಿನಾ. ಸುತ್ತು ತೀರಾ ಜಾಸ್ತಿಯಾದರೆ ಬಿಚ್ಚಿ, ಮಿಕ್ಕಿದ್ದನ್ನ ಕತ್ತರಿಸಿ. ತಂತಿ ನಟ್‌ನಲ್ಲಿ ಅಂಟಿಕೊಳ್ಳುತ್ತೆ, ಹಾಗಾಗಿ ಬಿರಡೆ ತಿರುಗಿಸಿದ ಮೇಲೊಮ್ಮೆ ಎಳೆದರೇನೇ ಬಿಗಿ ಎರಡೂ ಕಡೆ ಸಮ ಆಗೋದು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಫೋನಿನ ಮೈಕ್‌ಗೆ ಆ ಇ ಹಿಡಿಯೋದು ಕಷ್ಟ, ಕೇಬಲ್ ಹಾಕೋ ಟ್ಯೂನರ್ ಬಳಸಿ. ಬೆರಳು ಅಂಟಿದರೆ ಚೂರು ಪೌಡರ್. (ನಮ್ಮನೆಯವರು ನಕ್ಕಿದ್ದು ಇದಕ್ಕೇ.)

ಕಚೇರಿ ಶುರುವಾಗೋ ಮುಂಚೆ ತಂಬೂರಿ ಶ್ರುತಿ ಮಾಡ್ತಾ ಕೂತವರನ್ನ ನೋಡಿ 'ಈ ತಂಬೂರಿ ಡಿಫೆಕ್ಟಿವ್, ರಿಟರ್ನ್ ಮಾಡಿ' ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ? ಅಲ್ಲಿ ಅದು ಸಾಧನೆ, ಇಲ್ಲಿ ಮಾತ್ರ ದೋಷ. ಡೆಲಿವರಿ ಹತ್ತು ನಿಮಿಷಕ್ಕೆ ಬರುತ್ತೆ ಅಂತ ತಂತಿಯೂ ಹತ್ತು ನಿಮಿಷಕ್ಕೆ ಹದವಾಗಬೇಕಾ?

ಇದರಲ್ಲಿ ಎಲ್ಲಾ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಸ್ಲ್ಯಾಪ್ ಬಾರಿಸೋ ಆಸೆ ಇದ್ರೆ ಇದನ್ನ ಮುಟ್ಟಬೇಡಿ. ಕೈ ಮೈಗೆ ತಗುಲಿದ ಸದ್ದನ್ನೂ ಪೀಜೋ ಬಿಡದೆ ಹೇಳುತ್ತೆ, ಮೊದಮೊದಲು ಸಿಟ್ಟೂ ಬರುತ್ತೆ. ಆದರೆ 'ಸುಲಭ' ಅಂತ ಮಾರೋದನ್ನ ಅಂಗಡಿಗಳು ನಿಲ್ಲಿಸಲಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ಮೊದಲ ಕೆಲವು ವಾರ ಬರೀ ಶ್ರುತಿ' ಅಂತ ಬರೀಲಿ.

ಆ ಫೋಟೊ ಇನ್ನೂ ಫೋನಲ್ಲಿದೆ. ಜಿ ತಂತಿ ಇವತ್ತು ಬೆಳಿಗ್ಗೆ ಮತ್ತೆ ಚೂರು ಇಳಿದಿತ್ತು, ಎಳೆದು ಸರಿ ಮಾಡಿ ಆಫೀಸಿಗೆ ಬಂದೆ.