ಕಪ್ಪತಗುಡ್ಡಕ್ಕೆ ಸಹ್ಯಾದ್ರಿಯ ಹೆಸರು ಯಾಕೆ ಬೇಕು?

ನಮ್ಮ ನಿಂಬರ್ಗಾದಲ್ಲಿ ಎತ್ತರ ಅಂದರೆ ಗುಡಿಯ ಶಿಖರ, ಇಲ್ಲವೇ ಮೊಬೈಲ್ ಟವರ್. ಸುತ್ತ ಎತ್ತ ನೋಡಿದರೂ ತೊಗರಿ, ಜೋಳದ ಹೊಲ. ಹಾಗಾಗಿ ಮುಂಡರಗಿ ಕಡೆ ಹೋಗುವಾಗ ಬಯಲಿನ ನಡುವೆ ಒಮ್ಮೆಲೆ ಸಾಲುಗುಡ್ಡ ಎದ್ದು ನಿಂತದ್ದು ಕಂಡಾಗ ನಾನು ಬಸ್ಸಿನ ಕಿಟಕಿ ಬಿಟ್ಟು ಸರಿಯಲಿಲ್ಲ. ಜೊತೆಗಿದ್ದ ಗೆಳೆಯ ಮಾತ್ರ, ‘ಇದೇನು ಸಹ್ಯಾದ್ರಿ? ಬರೀ ಒಣಗುಡ್ಡ’ ಅಂದ. ಅದು ಏಪ್ರಿಲ್ ತಿಂಗಳು.

ತಪ್ಪು ಅವನದಲ್ಲ. ಕಪ್ಪತಗುಡ್ಡವನ್ನು ನಾವೆಲ್ಲ ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಅಂತಲೇ ಬರೆಯುತ್ತೇವೆ. ಪತ್ರಿಕೋದ್ಯಮ ಓದಿದ ನಾವು ಮೊದಲು ಬಿಡಬೇಕಾದದ್ದು ಈ ಹೊಗಳಿಕೆಯನ್ನೇ ಅನ್ನುವುದು ನನ್ನ ವಾದ. ಸಹ್ಯಾದ್ರಿ ಅಂದ ಕೂಡಲೇ ಓದುಗ ಜಲಪಾತ, ಮಂಜು, ವರ್ಷಪೂರ್ತಿ ಹಸಿರು ಹುಡುಕುತ್ತಾನೆ. ಸಿಗದಿದ್ದರೆ ‘ಇಲ್ಲಿ ಏನೂ ಇಲ್ಲ’ ಅನ್ನುತ್ತಾನೆ. ಏನೂ ಇಲ್ಲದ ಜಾಗವನ್ನು ಅಗೆದರೆ ಏನು ಹೋಯಿತು ಅನ್ನುವ ಮಾತಿಗೆ ಅಲ್ಲಿಂದ ಒಂದೇ ಹೆಜ್ಜೆ.

1,930 ಮೀಟರಿನ ಆಸುಪಾಸಿನ ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಕಪ್ಪತಗುಡ್ಡದ ಅತಿ ಎತ್ತರದ ತುದಿಯೂ ಗಿಡ್ಡವೇ. ಆದರೆ ಅದನ್ನು ಅಳೆಯಬೇಕಾದದ್ದು ಅದರ ಬುಡದ ಬಯಲಿನಿಂದ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಮಳೆ ಕಡಿಮೆ ಇರುವ ನೆಲದಲ್ಲಿ ನೀರು ಹಿಡಿದಿಡುವ ಎತ್ತರ ಇದೊಂದೇ. ಒಣಗಿದಂತೆ ಕಾಣುವ ಆ ಹುಲ್ಲು, ಕುರುಚಲು ಗಿಡಗಳೇ ಓಡುವ ಮಳೆನೀರನ್ನು ತಡೆದು ನೆಲಕ್ಕೆ ಇಳಿಸುತ್ತವೆ. ಡಂಬಳದ ದೊಡ್ಡ ಕೆರೆಗೆ ನೀರು ಬರುವುದು ಈ ಗುಡ್ಡದ ಹಳ್ಳಗಳಿಂದ. ತೋಳ, ಕತ್ತೆಕಿರುಬ, ಕೊಂಡುಕುರಿಗಳಿಗೆ ಬೇಕಾದದ್ದೂ ಇಂಥ ಬಿಸಿಲ ಕಾಡೇ, ಮಲೆನಾಡಲ್ಲ.

ವಯಸ್ಸಿನಲ್ಲೂ ಇದು ಯಾರಿಗೂ ಕಡಿಮೆಯಿಲ್ಲ. ನಮ್ಮ ಆಳಂದದ ಕರಿಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲಿನದು. ಕಪ್ಪತಗುಡ್ಡದ ಕಲ್ಲಿಗೆ 250 ಕೋಟಿ ವರ್ಷ ದಾಟಿದೆ. ಅದರೊಳಗೆ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಇರುವುದೇ ಅದಕ್ಕೆ ಮುಳುವಾಗಿದೆ.

ಇತಿಹಾಸ ನೆನಪಿಡಿ. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿತು. 2016ರ ನವೆಂಬರಿನಲ್ಲಿ ಅದೇ ಆದೇಶ ವಾಪಸಾಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ 2017ರ ಫೆಬ್ರವರಿಯಲ್ಲಿ ಜನ ಹಗಲು ರಾತ್ರಿ ಧರಣಿ ಕುಂತ ಮೇಲೆ ಆ ವರ್ಷವೇ ಸ್ಥಾನಮಾನ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಂದರೆ ಕಾಗದದಲ್ಲಿ ಕೊಟ್ಟದ್ದನ್ನು ವರ್ಷದೊಳಗೆ ಕಿತ್ತುಕೊಳ್ಳಬಹುದು, ಹೋರಾಡಿದರೆ ಮತ್ತೆ ಪಡೆಯಬಹುದು. ಆದರೆ ಕಡಿದ ಶಿಖರವನ್ನು ಯಾವ ಧರಣಿಯೂ ಮರಳಿ ತರಲಾರದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟೊತ್ತಿಗೆ ಕರಗಿದ್ದ ಗುಡ್ಡಗಳು ಮತ್ತೆ ಬೆಳೆದಿಲ್ಲ.

ಕೆಲಸ ಬೇಕಲ್ಲ ಅನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಗುಳೆ ಹೋಗುವ ನೋವು ನಮ್ಮ ತಾಲ್ಲೂಕಿಗೂ ಗೊತ್ತು. ವನ್ಯಜೀವಿಧಾಮ ಅಂತ ಬೋರ್ಡ್ ಹಾಕಿ ಕುರಿ ಕಾಯುವವರನ್ನು ಕಳ್ಳರಂತೆ ನೋಡಿದರೆ ಗುಡ್ಡಕ್ಕೆ ಕಾವಲುಗಾರರೇ ಉಳಿಯುವುದಿಲ್ಲ. ಮೇವು, ಔಷಧಿ ಸಸ್ಯ, ಅರಣ್ಯದ ಕೆಲಸದಲ್ಲಿ ಬುಡದ ಊರುಗಳಿಗೇ ಮೊದಲ ಪಾಲು ಸಿಗಬೇಕು. ಆದರೆ ಗಣಿಯ ಕೆಲಸ ಅದಿರು ಇರುವತನಕ ಮಾತ್ರ. ಕೆರೆಯ ನೀರು ಮೊಮ್ಮಕ್ಕಳ ಕಾಲಕ್ಕೂ ಬೇಕು.

ಮುಂದಿನ ಸಲ ನಮ್ಮಲ್ಲಿ ಯಾರಾದರೂ ಈ ಗುಡ್ಡದ ಬಗ್ಗೆ ಬರೆದರೆ ಬೇಸಿಗೆಯ ಫೋಟೋವನ್ನೇ ಹಾಕಿ. ಕಂದು ಬಣ್ಣದ್ದು, ಒಣಗಿದ್ದು. ಅದರ ಕೆಳಗೆ ಕಪ್ಪತಗುಡ್ಡ ಅಂತ ಬರೆಯಿರಿ, ಅಷ್ಟು ಸಾಕು.