ಕಟ್ಟಿದವರೇ ಹಾಳುಗೆಡವಿದ್ದು

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದರು. ವಿಡಿಯೊ ಹೊರಬಿತ್ತು. ಅಮಾನತಾಯಿತು, ಬಂಧನವಾಯಿತು, ಖಂಡನೆಯ ಹೇಳಿಕೆಗಳು ಸಾಲುಗಟ್ಟಿದವು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಕ್ಕಸು ತೊಳೆಯುವ ಇನ್ನೊಂದು ವಿಡಿಯೊ. ಮತ್ತೆ ಅದೇ ಅಮಾನತು, ಅದೇ ಖಂಡನೆ. ಈ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಮೆಲ್ಲಗೆ ಜಾರಿಕೊಂಡಿತು: ಮಕ್ಕಳು ತೊಳೆಯಬಾರದು ಸರಿ, ಆ ಕಕ್ಕಸು ತೊಳೆಯಲು ಸರ್ಕಾರ ಸಂಬಳ ಕೊಟ್ಟು ಯಾರನ್ನು ಇಟ್ಟಿತ್ತು?

ಕೇಳಿದರೆ ಅನುದಾನದ ಕೊರತೆ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಬಂದಿತ್ತು, ಸಿಮೆಂಟು ಬಂದಿತ್ತು, ಗೋಡೆ ಎದ್ದಿತ್ತು. ಇದ್ದದ್ದನ್ನು ಹಾಳುಗೆಡವಿದ್ದಾರೆ. ಬಡವರ ಮಕ್ಕಳ ಮುಂದೆ ನಿಂತು ಬಡತನದ ನೆಪ ಹೇಳುವುದಕ್ಕೆ ನಾಚಿಕೆಯಾಗಬೇಕು.

ಲೆಕ್ಕ ನನ್ನದಲ್ಲ, ದೇಶದ ಮಹಾಲೆಕ್ಕಪರಿಶೋಧಕರಾದ ಸಿಎಜಿಯದು. 2014ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಘೋಷಣೆ ಹೊರಟಿತು: ಒಂದು ವರ್ಷದೊಳಗೆ ಎಲ್ಲ ಶಾಲೆಗಳಲ್ಲೂ ಶೌಚಾಲಯ, ಹೆಣ್ಣುಮಕ್ಕಳಿಗೆ ಪ್ರತ್ಯೇಕ. ಕೇಂದ್ರದ ಏಳು ಸಾರ್ವಜನಿಕ ಉದ್ದಿಮೆಗಳು 1.3 ಲಕ್ಷ ಶೌಚಾಲಯ ಕಟ್ಟಿದೆವೆಂದು 2,162 ಕೋಟಿ ರೂಪಾಯಿಯ ಲೆಕ್ಕ ಕೊಟ್ಟವು. ಸಿಎಜಿ ತಂಡ 15 ರಾಜ್ಯಗಳಲ್ಲಿ 2,695 ಶೌಚಾಲಯಗಳನ್ನು ಹುಡುಕಿಕೊಂಡು ಹೋಯಿತು. ಕಟ್ಟಿ ಮುಗಿಯಿತೆಂದು ಬರೆದಿದ್ದ 200 ಶೌಚಾಲಯ ಆ ಜಾಗದಲ್ಲಿ ಇರಲೇ ಇಲ್ಲ. 86 ಅರೆಬರೆಯಾಗಿ ನಿಂತಿದ್ದವು. ಪೂರ್ತಿ ಕಟ್ಟಿದ್ದವುಗಳಲ್ಲಿ ನೂರಕ್ಕೆ 72ರಲ್ಲಿ ನೀರಿಲ್ಲ, 55ರಲ್ಲಿ ಕೈ ತೊಳೆಯುವ ವ್ಯವಸ್ಥೆ ಇಲ್ಲ, 30 ಬಳಕೆಯಲ್ಲೇ ಇಲ್ಲ. 2020ರಲ್ಲಿ ಸಂಸತ್ತಿನ ಮುಂದೆ ಬಂದ ವರದಿ ಇದು. ಅಷ್ಟು ಹೊತ್ತಿಗೆ ಈ ಶೌಚಾಲಯ ಅಭಿಯಾನ ಗುರಿ ಮುಟ್ಟಿತೆಂದು ಬೆನ್ನು ತಟ್ಟಿಕೊಂಡು ವರ್ಷಗಳೇ ಆಗಿದ್ದವು.

ನೀರಿಲ್ಲದ ಕಕ್ಕಸು ಎಷ್ಟು ದಿನ ಕಕ್ಕಸಾಗಿ ಉಳಿಯುತ್ತದೆ? ಮೊದಲು ಮೋಟಾರು ಸುಡುತ್ತದೆ. ರಿಪೇರಿಯ ಅರ್ಜಿ ಶಾಲೆಯಿಂದ ಪಂಚಾಯಿತಿಗೆ, ಪಂಚಾಯಿತಿಯಿಂದ ಬಿಇಒ ಕಚೇರಿಗೆ, ಅಲ್ಲಿಂದ ಮತ್ತೆ ಪಂಚಾಯಿತಿಗೆ ಅಲೆಯುತ್ತದೆ. ಅಷ್ಟರಲ್ಲಿ ಮೇಲಿನ ಸಿಂಟೆಕ್ಸ್ ಟ್ಯಾಂಕು ಸೀಳಿರುತ್ತದೆ, ಬೇಸಿಗೆ ರಜೆಯಲ್ಲಿ ನಲ್ಲಿಗಳು ಮಾಯವಾಗಿರುತ್ತವೆ. ಜೂನ್‌ನಲ್ಲಿ ಬಂದ ಮಕ್ಕಳಿಗೆ ಸಿಗುವುದು ಕಲ್ಲುಮಣ್ಣು ತುಂಬಿದ ಬೇಸಿನ್ನು, ಚಿಲಕವಿಲ್ಲದ ಬಾಗಿಲು. ಕೆಲವು ಕಡೆ ಒಂದಕ್ಕೆ ಬೀಗ ಹಾಕಿ ಲಕಲಕ ಅನ್ನುವಂತೆ ಇಟ್ಟಿರುತ್ತಾರೆ. ಅದು ತಪಾಸಣೆಗೆ ಬರುವ ಸಾಹೇಬರಿಗೆ. ನಾಲ್ಕಾರು ವರ್ಷ ಕಳೆದ ಮೇಲೆ ‘ಶಿಥಿಲ’ ಎಂದು ಷರಾ ಬರೆದು ಪಕ್ಕದಲ್ಲೇ ಹೊಸದಕ್ಕೆ ಗುದ್ದಲಿ ಪೂಜೆ. ದುರಸ್ತಿಗೆ ಯಾರೂ ಹಾರ ಹಾಕುವುದಿಲ್ಲ. ಅದರಲ್ಲಿ ಗಿಟ್ಟುವುದೂ ಕಡಿಮೆ.

ಇದರ ಬೆಲೆ ತೆರುವವಳು ಏಳನೇ ಕ್ಲಾಸಿನ ಹುಡುಗಿ. ಬೆಳಗ್ಗೆ ಮನೆಯಲ್ಲೇ ನೀರು ಕುಡಿಯುವುದನ್ನು ಬಿಡುತ್ತಾಳೆ, ಮಧ್ಯಾಹ್ನ ಬಿಸಿಯೂಟದ ಜೊತೆಗೂ ಎರಡೇ ಗುಟುಕು. ಸಂಜೆ ನಾಲ್ಕೂವರೆಯವರೆಗೆ ಒತ್ತಿ ಹಿಡಿದು ಕೂತು ಲೆಕ್ಕ ಮಾಡುತ್ತಾಳೆ. ಮೂತ್ರದ ಸೋಂಕು, ಉರಿ, ಜ್ವರ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬೀಳುತ್ತದೆ, ಗೈರಾಗಿದ್ದು ನೀರು.

ಇನ್ನು ತೊಳೆಯುವ ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ನೂರು ಮಕ್ಕಳ ಶಾಲೆಗೆ ನಿಗದಿಯಾದ ವಾರ್ಷಿಕ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ. ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಎಂದು ನಿಯಮ. ಅಂದರೆ 2,500 ರೂಪಾಯಿ, ದಿನಕ್ಕೆ ಏಳು ರೂಪಾಯಿಯ ಆಸುಪಾಸು. ಏಳು ರೂಪಾಯಿಗೆ ಯಾವ ಮನುಷ್ಯ ಬಂದು ನೂರು ಮಕ್ಕಳ ಕಕ್ಕಸು ತೊಳೆದಾನು? ಬರುವುದಿಲ್ಲ ಎಂದು ನಿಯಮ ಬರೆದವರಿಗೂ ಗೊತ್ತು. ಬಾರದಿದ್ದಾಗ ಪೊರಕೆ ಯಾವ ಕೇರಿಯ ಮಕ್ಕಳ ಕೈಗೆ ಹೋಗುತ್ತದೆ ಎಂಬುದೂ ಗೊತ್ತು. ಹೆಡ್‌ಮಾಸ್ಟರನ್ನು ಜೈಲಿಗೆ ಹಾಕಿ, ತಪ್ಪಿಲ್ಲ. ಆದರೆ ಬಜೆಟ್ಟಿನಲ್ಲಿ ತೊಳೆಯುವವರ ಸಂಬಳದ ಸಾಲನ್ನು ಖಾಲಿ ಬಿಟ್ಟವನು ಯಲುವಹಳ್ಳಿಯಲ್ಲಿರಲಿಲ್ಲ. ವಿಧಾನಸೌಧದ ಕಕ್ಕಸನ್ನು ಶಾಸಕರು ಸರದಿಯ ಮೇಲೆ ತೊಳೆಯುತ್ತಾರೆಯೇ? ಅಲ್ಲಿಗೆ ನೌಕರರು ಬೇಕೆಂದು ಯಾರೂ ಧರಣಿ ಕೂರಬೇಕಾಗಿರಲಿಲ್ಲ.

ಕುಡಿಯುವ ನೀರಿನ ಕತೆ ಇದಕ್ಕಿಂತ ಹಳೆಯದು. ಕೋಲಾರ ಕೆರೆಗಳ ನಾಡು. ರಾಜಕಾಲುವೆ ಒತ್ತುವರಿ ಮಾಡಿ, ಕೆರೆಯಂಗಳದ ಮರಳು ಬಳಿದು, ಹೊಲಗಳ ತುಂಬ ನೀಲಗಿರಿ ನಿಲ್ಲಿಸಿ, ಸಾವಿರ ಅಡಿ ದಾಟಿ ಬೋರು ಕೊರೆದದ್ದು ದೊಡ್ಡವರು. ಆಳದ ಗ್ರಾನೈಟ್ ಬಂಡೆಯಿಂದ ಫ್ಲೋರೈಡ್ ಕರಗಿ ಮೇಲೆ ಬಂತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂದು ನಮ್ಮದೇ ಮಾನದಂಡ ಹೇಳುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿನ ಕಂದು ಕಲೆ ಯಾವ ಪೇಸ್ಟಿಗೂ ಹೋಗುವುದಿಲ್ಲ. ಕೆರೆ ನುಂಗಿದವರ ಮಕ್ಕಳು ಕ್ಯಾನ್ ನೀರು ಕುಡಿಯುತ್ತಾರೆ.

ಹಾಗಂತ ಕಾನೂನಿಲ್ಲವೇ? ರಾಶಿ ಇದೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರಲ್ಲಿ; ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತ ಕುಡಿಯುವ ನೀರು ಅದರ ಅನುಸೂಚಿಯಲ್ಲೇ ಇವೆ, ಮೂರು ವರ್ಷದ ಗಡುವಿನೊಂದಿಗೆ. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆರು ತಿಂಗಳು ಕೊಟ್ಟಿತು. ಗಡುವು ಕೊಡುವವರೂ ದಣಿಯಲಿಲ್ಲ, ಮೀರುವವರೂ ದಣಿಯಲಿಲ್ಲ.

ಗಡುವು ಕೇಳುವ ಇನ್ನೊಂದು ಬಗೆಯೂ ಇದೆ. ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ 2014ರ ಜನವರಿಯಲ್ಲಿ ಐದು ವರ್ಷದ ಮೈಕೆಲ್ ಕೊಮಾಪೆ ಶಾಲೆಯ ಗುಂಡಿ ಕಕ್ಕಸಿನಲ್ಲಿ ಬಿದ್ದು ಸತ್ತ. ಶಾಲೆಗೆ ಸೇರಿ ಕೆಲವೇ ದಿನವಾಗಿತ್ತು. ಅಪ್ಪ ಅಮ್ಮ ಸುಮ್ಮನಿರಲಿಲ್ಲ, ಕೋರ್ಟು ಹತ್ತಿದರು. 2018ರಲ್ಲಿ ನ್ಯಾಯಾಲಯ ಸರ್ಕಾರಕ್ಕೆ ಹೇಳಿತು: ಗುಂಡಿ ಕಕ್ಕಸಿರುವ ಶಾಲೆಗಳ ಪಟ್ಟಿ ಕೊಡಿ, ಯಾವಾಗ ಬದಲಿಸುತ್ತೀರೆಂದು ಬರೆದು ಕೊಡಿ.

ನಮಗೂ ಪಟ್ಟಿ ಬೇಕು, ಬೆಂಗಳೂರಿನ ಕಡತದಲ್ಲಲ್ಲ, ಶಾಲೆಯ ಗೋಡೆಯ ಮೇಲೆ. ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು, ಪರೀಕ್ಷಿಸಿದ ತಾರೀಖು ಯಾವುದು, ಕಕ್ಕಸು ತೊಳೆಯುವ ನೌಕರರಿಗೆ ಈ ತಿಂಗಳ ಸಂಬಳ ಬಂತೇ ಇಲ್ಲವೇ. ಆ ಜಾಗ ಖಾಲಿಯಿದ್ದರೆ ಅದರ ಪಕ್ಕದಲ್ಲಿ ಹೊಣೆ ಹೊತ್ತ ಅಧಿಕಾರಿಯ ಹೆಸರು, ಹುದ್ದೆ, ಫೋನ್ ನಂಬರು. ಶಾಸಕರ ಹೆಸರು ಕೆತ್ತಿಸಿದ ಕಲ್ಲು ಬೇಕಿದ್ದರೆ ಆಮೇಲೆ ಹಾಕಿಸಿಕೊಳ್ಳಲಿ.