ತಡವಾಗಿ ಬಂದ ಹಾಳೆ

ಕಳೆದ ಆಷಾಢದ ಒಂದು ಸಂಜೆ. ಹೊರಗೆ ಜಿಟಿಜಿಟಿ ಮಳೆ. ಕಛೇರಿ ಮುಚ್ಚಲು ಇನ್ನು ಅರ್ಧ ಗಂಟೆ ಇತ್ತು. ವೃದ್ಧೆಯೊಬ್ಬರು ತಮ್ಮ ಕುಟುಂಬ ಪಿಂಚಣಿಯ ಪತ್ರಕ್ಕಾಗಿ ನನ್ನ ಮೇಜಿನೆದುರು ಕುಳಿತಿದ್ದರು. ಪತ್ರವನ್ನು ಮುದ್ರಿಸಿ ರುಜು ಹಾಕಿಸುವುದಷ್ಟೇ ಉಳಿದಿತ್ತು. ಆಗಲೇ ನಮ್ಮ ಲೇಸರ್ ಪ್ರಿಂಟರು ಅರ್ಧ ಹಾಳೆಯನ್ನು ನುಂಗಿ, ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಟ್ಟಿತು. ನಾನು ಅವಸರದಿಂದ, ಕಣ್ಣಿಗೆ ಕಂಡ ತುದಿಯನ್ನು ಹಿಡಿದು ಜಗ್ಗಿದೆ. ಹಾಳೆ ಹರಿಯಿತು, ಒಂದು ಚೂರು ಒಳಗೇ ಉಳಿಯಿತು. ಆ ತಾಯಿ ಮರುದಿನ ಪುನಃ ಎರಡು ಬಸ್ಸು ಹಿಡಿದು ಬರುವಂತಾಯಿತು.

ಯಂತ್ರವನ್ನು ಶಪಿಸುವುದು ಸುಲಭ. ಆದರೆ ಅದಕ್ಕೆ ಕಣ್ಣಿಲ್ಲ, ಇರುವುದು ಗಡಿಯಾರ ಮಾತ್ರ. ಕಾಗದದ ಹಾದಿಯಲ್ಲಿ ಅಲ್ಲಲ್ಲಿ, ಹಾಳೆ ತಾಗಿದೊಡನೆ ಬಾಗುವ ಪುಟ್ಟ ಸನ್ನೆಗಳಿರುತ್ತವೆ. ನಿಮಿಷಕ್ಕೆ 20 ಹಾಳೆ ಮುದ್ರಿಸುವ ಯಂತ್ರದಲ್ಲಿ ಒಂದೊಂದು ಹಾಳೆಯ ಪಾಲಿಗೆ 3 ಸೆಕೆಂಡು. ಹಾಳೆ ಒಂದು ಸನ್ನೆಗೆ ತಡವಾಗಿ ಬಂದರೆ, ಅಥವಾ ಬಂದದ್ದು ಹೊತ್ತಿಗೆ ಸರಿಯಾಗಿ ತೊಲಗದಿದ್ದರೆ, ಯಂತ್ರ ನಿಲ್ಲುತ್ತದೆ. 1971ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಅವರು ಲೇಸರ್ ಪ್ರಿಂಟರನ್ನು ರೂಪಿಸಿದ್ದು ಜೆರಾಕ್ಸ್ ನಕಲು ಯಂತ್ರವೊಂದರ ಒಡಲಿನಲ್ಲಿಯೇ. ಬೆಳಕು ಹೊಸದಾಯಿತು, ಕಾಗದ ನಡೆಯುವ ಹಾದಿ ಹಳೆಯದೇ ಉಳಿಯಿತು, ಅದರ ತಾಪತ್ರಯಗಳೂ ಉಳಿದವು!

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಹಾಳೆ ಎಲ್ಲಿ ನಿಂತಿತು ಎಂಬುದು. ತಟ್ಟೆಯ ಬಾಯಲ್ಲಿಯೇ ನಿಂತಿದ್ದರೆ, ಎತ್ತಿಕೊಡುವ ರಬ್ಬರ್ ಉರುಳೆಯ ಮೇಲೆ ಕಾಗದದ ಧೂಳು ಕುಳಿತಿರಬಹುದು. ಪ್ರಿಂಟರನ್ನು ಆರಿಸಿ, ಹಿಂಡಿದ ಒದ್ದೆಬಟ್ಟೆಯಿಂದ ಒರಸಿ ಒಣಗಿಸಿದರೆ ಸಾಕು. ನಡುವೆ ನಿಂತಿದ್ದರೆ ಹಿಂದಿನ ಚೂರೋ ಗುಂಡುಸೂಜಿಯೋ ಇದೆಯೇ ಎಂದು ಹುಡುಕಬೇಕು. ಕೊನೆಯಲ್ಲಿ, ಕಪ್ಪು ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರಿನಲ್ಲಿ ಸುಕ್ಕುಗಟ್ಟಿ ನಿಂತಿದ್ದರೆ, ದೋಷ ಬಹುಮಟ್ಟಿಗೆ ಕಾಗದದ್ದು. ಅಲ್ಲಿನ ಶಾಖ ಸುಮಾರು 200 ಡಿಗ್ರಿ ಸೆಲ್ಷಿಯಸ್. ತೇವವುಂಡ ಹಾಳೆ ಅಲ್ಲಿ ಹಪ್ಪಳದಂತೆ ಸುರುಳಿಗೊಳ್ಳುತ್ತದೆ.

ಮಳೆಗಾಲದಲ್ಲಿ ಈ ಪೀಡೆ ಹೆಚ್ಚುವುದು ಇದಕ್ಕಾಗಿಯೇ. ಕಾಗದದ ಕಟ್ಟಿನ ಹೊದಿಕೆ ಬರಿಯ ಅಲಂಕಾರವಲ್ಲ, ತೇವ ತಡೆಯುವ ಕವಚ. ನಾವೋ ಅದನ್ನು ಹರಿದೆಸೆದು ಕಟ್ಟನ್ನು ಕಿಟಕಿಯ ಪಕ್ಕದಲ್ಲಿಡುತ್ತೇವೆ. ಇನ್ನೊಂದು ಅಭ್ಯಾಸವನ್ನು ಹೇಳಲು ನನಗೇ ಸಂಕೋಚ. ಒಂದು ಮಗ್ಗುಲು ಮುದ್ರಿತವಾದ ಹಾಳೆಯನ್ನು ಎಸೆಯಲು ನಮ್ಮ ಮಧ್ಯಮವರ್ಗದ ಕೈ ಒಪ್ಪದು. ತಿರುವಿ ಮತ್ತೆ ತಟ್ಟೆಗೆ ತುಂಬುತ್ತೇವೆ. ಒಮ್ಮೆ ಬೆಂದು ಬಾಗಿದ ಹಾಳೆ, ಮೇಲೆ ಸೂಜಿ ಚುಚ್ಚಿದ ಗಾಯ! ಅಂದು ಸಿಕ್ಕಿಬಿದ್ದದ್ದು ಹೊಸ ಹಾಳೆಯೇ. ಆದರೆ ಅದರ ಅಡಿಯಲ್ಲಿ ನಾನು ಉಳಿತಾಯಕ್ಕೆಂದು ಸೇರಿಸಿದ್ದ ಇಂತಹ ಹತ್ತು ಹಾಳೆಗಳಿದ್ದವು. ಈಗ ಅವು ಮನೆಯಲ್ಲಿ ದಿನಸಿಯ ಪಟ್ಟಿಗೆ ಒದಗುತ್ತಿವೆ.

ಹಾಳೆ ತೆಗೆಯುವಾಗ ವಿದ್ಯುತ್ತನ್ನು ಆರಿಸಿ, ಫ್ಯೂಸರ್ ತಣ್ಣಗಾಗುವವರೆಗೆ ಕಾಯಿರಿ. ಟೋನರ್ ಪೆಟ್ಟಿಗೆಯನ್ನು ಹೊರಗಿಟ್ಟರೆ ಮೇಲೊಂದು ಬಟ್ಟೆ ಮುಚ್ಚಿರಿ. ಅದರೊಳಗಿನ ಡ್ರಮ್ಮಿಗೆ ಬೆಳಕು ಆಗದು. ಎರಡು ಕೈಯಿಂದಲೂ ಹಿಡಿದು, ಸಾಧ್ಯವಿರುವಲ್ಲಿ ಹಾಳೆ ನಡೆಯುವ ದಿಕ್ಕಿನಲ್ಲಿಯೇ, ಮೆಲ್ಲಗೆ ಎಳೆಯಿರಿ. ಹರಿದರೆ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ಹಾಳೆ ಪೂರ್ಣವಾಯಿತೇ ನೋಡಿರಿ. ಒಂದು ಮೂಲೆ ಕಡಿಮೆಯಾದರೂ ಅದು ಒಳಗಿದೆಯೆಂದೇ ಅರ್ಥ.

ಇಷ್ಟಾದರೂ ಅದೇ ಜಾಗದಲ್ಲಿ ಮತ್ತೆ ಮತ್ತೆ ನಿಂತರೆ ದುರಸ್ತಿಗಾರನನ್ನು ಕರೆಯಿಸಿ, ಎಲ್ಲಿ ನಿಂತಿತೆಂದು ತಿಳಿಸಿರಿ. ಹರಿದದ್ದನ್ನು ಮಾತ್ರ ಅವನಿಂದ ಮುಚ್ಚಿಡಬೇಡಿ. ನಾನು ನಾಚಿಕೆಯಿಂದ ಮುಚ್ಚಿಟ್ಟೆ. ಹೆಬ್ಬೆರಳ ಉಗುರಿನಷ್ಟಿದ್ದ ಆ ಚೂರು ದೊರೆಯಲು ಅವನಿಗೆ ಒಂದು ಗಂಟೆ ಹಿಡಿಯಿತು. ಹನ್ನೊಂದಕ್ಕೇ ಬಂದಿದ್ದ ಆ ತಾಯಿ ಹನ್ನೆರಡರವರೆಗೂ ಬೆಂಚಿನ ಮೇಲೆ ಕುಳಿತು ಕಾದರು.